ಅಟ್ಟ ತುಂಬಿದ ಮೇಲೆ ಒತ್ತಿ ನೋಡದ ಗುಂಡಿ

ಅಟ್ಟಕ್ಕೆ ತೆಂಗಿನಕಾಯಿ ತುಂಬಿದ ಮೇಲೆ ಒಂದು ಸಲ ಬಂದು ಅಲಾರಂ ಗುಂಡಿ ಒತ್ತಿ ನೋಡಿ ಹೋಗು ಎಂದು ಅಕ್ಕ ನನಗೆ ಮೂರು ಸಲ ಫೋನ್ ಮಾಡಿದಳು. ನಾನು ಹೋಗಲಿಲ್ಲ. ತಿಪಟೂರಿನ ನನ್ನ ಅಂಗಡಿಯಿಂದ ಹಾಲ್ಕುರಿಕೆ ಕಡೆಯ ಅವಳ ತೋಟದ ಮನೆಗೆ ಮೊಪೆಡ್ಡಿನಲ್ಲಿ ಅರ್ಧ ಗಂಟೆಯ ದಾರಿ. ಮೊದಲನೇ ಸಲ ರಿಪೇರಿಗೆ ಬಂದ ಮಿಕ್ಸಿಗಳು ರಾಶಿ ಬಿದ್ದಿವೆ ಎಂದೆ. ಎರಡನೇ ಸಲ ಮಳೆ ಎಂದೆ. ಮೂರನೇ ಸಲ ಫೋನ್ ಎತ್ತಲೇ ಇಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಂಗ್ಲಿಷಿನಲ್ಲಿ ಮಾಡೆಲ್ ನಂಬರುಗಳನ್ನು ಮಾತ್ರ ಓದಬಲ್ಲೆ. ಆದರೆ ಆ ಗುಂಡಿಯ ವಿಷಯ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಇದನ್ನು ನಾನೇ ಬರೆಯಬೇಕು.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮಕ್ಕಳಿಲ್ಲ. ನನಗೆ ಮದುವೆಯಾಗಲಿಲ್ಲ, ಅಂಗಡಿಯ ಹಿಂದಿನ ಕೋಣೆಯೇ ನನ್ನ ಮನೆ. ಅವಳ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಕೆಲವು ವರ್ಷದ ಹಿಂದೆ ಪಕ್ಕದ ತೋಟದವರು ಮದುವೆಗೆ ಹೋಗಿದ್ದ ಹೊತ್ತಿನಲ್ಲಿ, ಹಗಲಲ್ಲೇ, ಅವರ ಅಟ್ಟ ಖಾಲಿಯಾಯಿತು. ಆಗ ಅಕ್ಕ ಹೆದರಿದಳು. ನಾನು ಒಂದು ಅಲಾರಂ ಸೆಟ್ ತಂದು ಹಾಕಿದೆ.

ಅದು ತಂತಿಯಿಲ್ಲದ ಸೆಟ್ಟು. ನಡುಮನೆಯ ಗೋಡೆಗೆ ಒಂದು ಪೆಟ್ಟಿಗೆ, ಎರಡು ಬಾಗಿಲಿಗೆ ಎರಡು ಸೆನ್ಸರು, ಸೂರಿನ ಕೆಳಗೆ ಸೈರನ್, ಕೈಯಲ್ಲಿ ಹಿಡಿಯಲು ಗುಂಡಿಯಿರುವ ಒಂದು ರಿಮೋಟು. ಗುಂಡಿ ಒತ್ತಿದರೆ ಸೈರನ್ ಕೂಗಿ, ಪೆಟ್ಟಿಗೆಯೊಳಗಿನ ಸಿಮ್ಮಿನಿಂದ ಮೊದಲು ನನಗೆ, ಆಮೇಲೆ ಪಕ್ಕದ ತೋಟದವರಿಗೆ ಫೋನ್ ಹೋಗುತ್ತದೆ. ಫೋನ್ ಎತ್ತಿದವರಿಗೆ ಕೇಳಿಸಲು ಹತ್ತು ಸೆಕೆಂಡಿನ ಮಾತು ತುಂಬಿಸಬಹುದು. ನಾನೇ ತುಂಬಿಸಿದ್ದೆ: "ಅಕ್ಕನ ಮನೆಯಿಂದ ಅಲಾರಂ. ಅಕ್ಕನಿಗೆ ಏನೋ ಆಗಿದೆ. ಬೇಗ ಬಾ."

ಅಕ್ಕನ ಬಲಗೈ ಹೆಬ್ಬೆರಳು ಮಡಚುವುದಿಲ್ಲ. ಹುಡುಗಿಯಾಗಿದ್ದಾಗ ಕೊಬ್ಬರಿಯ ಚಿಪ್ಪು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು, ಮಚ್ಚು ಜಾರಿ ನರ ಕಡಿಯಿತು. ನಾನು ಶಾಲೆಗೆ ಹೋಗುತ್ತಿದ್ದ ವರ್ಷಗಳು ಅವು. ಅವಳಿಗೆ ಸಣ್ಣ ಗುಂಡಿ ಒತ್ತಲು ಬರುವುದಿಲ್ಲವೆಂದು ನಾನು ಆ ರಿಮೋಟಿನ ಮೇಲ್ಭಾಗ ಕೊರೆದು, ದೊಡ್ಡ ಸ್ವಿಚ್ಚು ಕೂರಿಸಿ, ಅದರ ಮೇಲೆ ಮಾತ್ರೆ ಡಬ್ಬಿಯ ಮುಚ್ಚಳ ಅಂಟಿಸಿದ್ದೆ. ಅಂಗೈಯಿಂದ ಒತ್ತಿದರೂ ಆಗುತ್ತಿತ್ತು. ಅಕ್ಕ ಅದನ್ನು ಕಪ್ಪು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಸ್ನಾನಕ್ಕೆ ಹೋದಾಗ ಮಾತ್ರ ತೆಗೆಯುತ್ತಿದ್ದಳು.

ಆರೇಳು ವರ್ಷ ಏನೂ ತೊಂದರೆಯಿಲ್ಲದೆ ನಡೆಯಿತು. ಕಳೆದ ಬೇಸಿಗೆಯ ಕೊನೆಯ ಮಳೆಯಲ್ಲಿ ಸಿಡಿಲು ಬಡಿದು ಪೆಟ್ಟಿಗೆ ಸುಟ್ಟಿತು. ಅಂಥ ಪೆಟ್ಟಿಗೆ ಈಗ ಎಲ್ಲೂ ಸಿಗುವುದಿಲ್ಲ. ತುಮಕೂರಿನ ಅಂಗಡಿಯವನು ಫೋನಿನಲ್ಲಿ ನಕ್ಕ. "ಆ ಕಾಲದ ಮಾಲು ಯಾವನತ್ರ ಐತೆ ಗುರು? ಹೊಸ ಸೆಟ್ ತಗಂಡೋಗು, ಹಳೇದು ತಿಪ್ಪೆಗ್ ಹಾಕು."

ಹೊಸ ಸೆಟ್ ತಂದೆ. ಅದರ ಜೊತೆ ಬಂದ ಬಾಗಿಲಿನ ಸೆನ್ಸರುಗಳು ಸರಿಯಿದ್ದವು. ರಿಮೋಟ್ ಮಾತ್ರ ಬೀಗದ ಕೈಯಷ್ಟೇ ಉದ್ದ. ಅದರಲ್ಲಿ ಕಡಲೆಕಾಳಿನಷ್ಟು ನಾಲ್ಕು ಗುಂಡಿ, ಅವೂ ಒಳಕ್ಕೆ ಕೂತಿವೆ. ಅಕ್ಕನ ಹೆಬ್ಬೆರಳು ಅದರ ಮೇಲೆ ಜಾರುತ್ತದೆಯೇ ಹೊರತು ಒತ್ತುವುದಿಲ್ಲ. ಹಾಗಾಗಿ ಹಳೆಯ ಗುಂಡಿಯನ್ನೇ ಹೊಸ ಪೆಟ್ಟಿಗೆಗೆ ಹೊಂದಿಸಲು ಹೊರಟೆ.

ಎರಡೂ ಒಂದೇ ಅಲೆಯ ಮೇಲೆ ಮಾತಾಡುತ್ತವೆ, ಆದರೆ ಮಾತಾಡುವ ರೀತಿ ಬೇರೆ. ಹಳೆಯ ಗುಂಡಿಯ ಒಳಗಿನ ಐಸಿ ಚಿಪ್ಪಿಗೆ ಎಂಟು ಕಾಲು. ಯಾವ ಕಾಲಿಗೆ ಬೆಸುಗೆ ಹಾಕಿದ್ದೇವೆ, ಯಾವುದನ್ನು ಬಿಟ್ಟಿದ್ದೇವೆ ಎನ್ನುವುದೇ ಅದರ ಗುರುತು. ಪೆಟ್ಟಿಗೆಯಲ್ಲೂ ಅದೇ ರೀತಿ ಬೆಸುಗೆ ಹಾಕಬೇಕಿತ್ತು. ಹೊಸ ಪೆಟ್ಟಿಗೆಗೆ ಬೆಸುಗೆ ಬೇಡ, ತಾನೇ ಕೇಳಿಸಿಕೊಂಡು ಗುರುತು ಕಲಿಯುತ್ತದೆ. ಆದರೆ ಅದು ಹೊಸ ರಿಮೋಟುಗಳ ವೇಗಕ್ಕೆ ಕಿವಿ ಕೊಡುತ್ತದೆ. ಹಳೆಯದು ನಿಧಾನ. ಮುದುಕರು ತಡೆದು ತಡೆದು ಮಾತಾಡಿದರೆ ಅವಸರದವರು ಅರ್ಧಕ್ಕೇ ಎದ್ದು ಹೋಗುವ ಹಾಗೆ, ಪೆಟ್ಟಿಗೆ ಅದರ ಮಾತನ್ನು ಪೂರ್ತಿ ಕೇಳುತ್ತಿರಲಿಲ್ಲ.

ಆ ವೇಗವನ್ನು ಒಂದು ಸಣ್ಣ ರೆಸಿಸ್ಟರ್ ತೀರ್ಮಾನಿಸುತ್ತದೆ. ಹಳೆಯದರಲ್ಲಿ ಇದ್ದದ್ದು ನಾಲ್ಕು ಪಾಯಿಂಟ್ ಏಳು ಮೆಗಾ ಓಮಿನದು. ಮೂರು ಪಾಯಿಂಟ್ ಮೂರರದು ಹಾಕಿದರೆ ವೇಗ ಹೆಚ್ಚುತ್ತದೆ. ಅದು ನನ್ನ ಡಬ್ಬಿಯಲ್ಲಿರಲಿಲ್ಲ. ಎರಡು ಬೇರೆ ರೆಸಿಸ್ಟರನ್ನು ಸಾಲಾಗಿ ಬೆಸೆದು ಅದರ ಹತ್ತಿರಕ್ಕೆ ತಂದೆ. ಮೂರನೇ ಪ್ರಯತ್ನಕ್ಕೆ ಪೆಟ್ಟಿಗೆ 'ಬೀಪ್' ಎಂದು ಒಪ್ಪಿಕೊಂಡಿತು. ಖುಷಿಯಿಂದ ಹತ್ತು ಸಲ ಒತ್ತಿ ನೋಡಿದೆ. ಎಂಟು ಸಲ ಕೂಗಿತು. ಎರಡು ಸಲ ಸುಮ್ಮನಿತ್ತು. ಸ್ವಲ್ಪ ಒತ್ತಿ ಹಿಡಿದರೆ ಬರುತ್ತದೆ ಎಂದುಕೊಂಡು ಸ್ಕ್ರೂ ಬಿಗಿದೆ.

ಆ ಎರಡು ಸಲದ ಮಾತನ್ನು ಅಕ್ಕನಿಗೆ ಹೇಳಲಿಲ್ಲ.

ನಾನು ಪೆಟ್ಟಿಗೆ ಹಾಕಲು ಹೋದಾಗ ಅವಳು ಹಿಂದಿನ ವಾರವಷ್ಟೇ ಕೊಬ್ಬರಿ ಇಳಿಸಿದ್ದಳು. ಬಿದಿರು ದಬ್ಬೆಯ ಅಟ್ಟ ಗುಡಿಸಿದಂತಿತ್ತು. ಒಂದು ಮೂಲೆಯಲ್ಲಿ ಮನೆಬಳಕೆಗೆ ಉಳಿಸಿಕೊಂಡ ಒಣಕಾಯಿ ಇದ್ದವು. ಹಳೆಯ ಪೆಟ್ಟಿಗೆ ಕಿಟಕಿಯ ಪಕ್ಕ ಇದ್ದದ್ದರಿಂದಲೇ ಸಿಡಿಲಿಗೆ ಸಿಕ್ಕಿತು, ಕಳ್ಳನ ಕೈಗೂ ಸುಲಭ ಎಂದು ಯೋಚಿಸಿ, ಹೊಸದನ್ನು ಅಟ್ಟದ ಮೇಲೆ ಒಳಗೋಡೆಗೆ, ಆ ಒಣಕಾಯಿಯ ಗುಡ್ಡೆಯ ಹಿಂದೆ ಬಿಗಿದೆ.

ಅಕ್ಕ ಏಣಿಯ ಬುಡದಲ್ಲಿ ನಿಂತು ನೋಡುತ್ತಿದ್ದಳು. "ಅಲ್ಲ ಕಣ್ಲಾ, ನಾಳೆ ಕಾಯಿ ತುಂಬುದ್ರೆ ಅದು ಒಳಗೇ ಮುಚ್ಚೋಗಲ್ವಾ?"

"ಮುಚ್ಚೋದ್ರೆ ಮುಚ್ಚೋಗ್ಲಿ ಬುಡಕ್ಕ. ಅದೇನು ಕಣ್ಣಲ್ಲಿ ನೋಡ್ತದಾ? ಗಾಳೀಲಿ ಬರೋದಕ್ಕೆ ಕಾಯಿ ಏನ್ ಅಡ್ಡ?"

ಒಣಕಾಯಿಯ ಗುಡ್ಡೆ ನಡುವೆ ಇದ್ದಾಗಲೇ ಬಾಗಿಲಲ್ಲಿ ನಿಂತು ಒತ್ತಿ ತೋರಿಸಿದೆ. ಸೈರನ್ ಕೂಗಿತು. ಕೋಳಿಗಳು ಚದುರಿದವು. ಅಕ್ಕ ಕಿವಿ ಮುಚ್ಚಿಕೊಂಡು ನಕ್ಕಳು.

"ಸರಿ, ನಿಂಗೊತ್ತಪ್ಪ. ಆದ್ರೂ ತುಂಬಿದ್ಮೇಲೆ ಒಂದ್ಸಲ ಬಂದು ನೋಡು."

"ಬತ್ತೀನಿ."

"ನಾನೇ ಒತ್ತಿ ನೋಡ್ಲಾ ಹಂಗಾದ್ರೆ?"

"ಬ್ಯಾಡ ಬ್ಯಾಡ. ಸುಮ್ಸುಮ್ನೆ ಒತ್ತಬ್ಯಾಡ. ಬ್ಯಾಟ್ರಿ ಹೋಯ್ತದೆ, ಪಕ್ಕದ್ ತೋಟದವ್ರು ಓಡಿ ಬತ್ತಾರೆ."

ರೊಟ್ಟಿ ತಟ್ಟಿದ್ದಳು. ತಿಂದು ಹೋಗು ಎಂದಳು. ಟೈಮಿಲ್ಲ ಎಂದು ಮೊಪೆಡ್ ಹತ್ತಿದೆ. ಅಂಗಡಿಯಲ್ಲಿ ನನಗಾಗಿ ಯಾರೂ ಕಾಯುತ್ತಿರಲಿಲ್ಲ. ಒಬ್ಬನೇ ಇದ್ದು ಇದ್ದು, ಯಾರಾದರೂ ಕೂರು ಎಂದರೆ ಏಳುವ ಚಾಳಿ ನನಗೆ ಬಂದುಬಿಟ್ಟಿತ್ತು.

ಅಟ್ಟ ತುಂಬಿ ಮೂರು ವಾರವಾಗಿತ್ತು. ಅವತ್ತು ಬೆಳಿಗ್ಗೆ ಹತ್ತರ ಹೊತ್ತಿಗೆ ಅಟ್ಟದಿಂದ ನೀರು ತೊಟ್ಟಿಕ್ಕುವುದನ್ನು ಅಕ್ಕ ನೋಡಿದಳು. ಯಾವುದೋ ಕಾಯಿ ಬಿರಿದಿತ್ತು. ಅದನ್ನು ತೆಗೆಯದಿದ್ದರೆ ಸುತ್ತಲಿನವೂ ಕೊಳೆಯುತ್ತವೆ. ಏಣಿ ಹತ್ತಿದಳು, ಕಾಯಿ ತೆಗೆದಳು, ಇಳಿಯುವಾಗ ಏಣಿ ಜಾರಿತು. ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿತ್ತು. ಅವಳು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಮಧ್ಯಾಹ್ನ ಮೂರರವರೆಗೆ ಒತ್ತುತ್ತಲೇ ಇದ್ದಳು. ಕಾಯಿ ಸುಲಿಯುವವನೊಬ್ಬ ತಾನು ಬಿಟ್ಟುಹೋಗಿದ್ದ ಹಾರೆಯನ್ನು ತಗೊಂಡು ಹೋಗಲು ಬಂದದ್ದರಿಂದ ಅವಳು ಸಿಕ್ಕಳು.

ಅಷ್ಟು ಹೊತ್ತೂ ನನ್ನ ಫೋನ್ ಮೇಜಿನ ಮೇಲೆ ನನ್ನ ಕೈಪಕ್ಕದಲ್ಲೇ ಇತ್ತು. ಯಾವನದೋ ಇಸ್ತ್ರಿಪೆಟ್ಟಿಗೆಗೆ ವೈರ್ ಹಾಕುತ್ತಿದ್ದೆ. ಇವತ್ತು ಯಾರ ಫೋನೂ ಬಂದಿಲ್ಲವಲ್ಲ ಎಂದು ಒಂದು ಸಲ ಅಂದುಕೊಂಡದ್ದೂ ನೆನಪಿದೆ.

ಆಸ್ಪತ್ರೆಯಲ್ಲಿ ಕಾಲಿಗೆ ಪ್ಲೇಟ್ ಹಾಕಿದ ಮಾರನೇ ದಿನ ಅಕ್ಕ ಸರಿಯಾಗಿ ಮಾತಾಡಿದಳು. ಬೈಯುತ್ತಾಳೆ ಎಂದು ಕಾದಿದ್ದೆ. ಅವಳು ಬಲಗೈ ಎತ್ತಿ ನೋಡಿಕೊಂಡಳು.

"ನಾನೇ ಸರ್ಯಾಗ್ ಒತ್ಲಿಲ್ಲ ಅನ್ಸುತ್ತೆ ಕಣ್ಲಾ. ಈ ದರಿದ್ರ ಹೆಬ್ಬೆಟ್ಟು. ನೀನು ಅಷ್ಟು ಕಷ್ಟಪಟ್ಟು ಮಾಡ್ಕೊಟ್ಟಿದ್ದೆ."

ನಾನು ಅವಳ ಕೊರಳಿನ ಗುಂಡಿಯನ್ನು ಎತ್ತಿ ಮುಚ್ಚಳ ಮುಟ್ಟಿದೆ. ಮೆಲ್ಲಗೆ ಮುಟ್ಟಿದ್ದಕ್ಕೇ ಕೆಂಪು ದೀಪ ಹತ್ತಿತು. ಅಂದರೆ ಅವಳ ಬೆರಳಿನದೇನೂ ತಪ್ಪಿರಲಿಲ್ಲ. ಅವಳು ಒತ್ತಿದ ಪ್ರತಿ ಸಲವೂ ಗುಂಡಿ ಕೂಗಿ ಹೇಳಿತ್ತು, ಪೆಟ್ಟಿಗೆಗೆ ಕೇಳಿಸಿರಲಿಲ್ಲ. ಇದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು.

"ಇರ್ಬೋದು ಕಣಕ್ಕ" ಎಂದೆ.

ಫೋನ್ ಎತ್ತದಿದ್ದದ್ದಕ್ಕಿಂತ ದೊಡ್ಡ ತಪ್ಪು ಈ ಮಾತು. ಅದಾದ ಮೇಲೆ ಅವಳು ಮಾಡಿದ್ದನ್ನು ನೋಡಿಕೊಂಡು ನಾನು ಒಂದು ವಾರ ಆ ಹಾಸಿಗೆಯ ಪಕ್ಕ ಕೂತೆ. ಅವಳು ಗುಂಡಿಯ ಬ್ಯಾಟರಿ ತೆಗೆಸಿದಳು. ಮಲಗಿದ್ದಲ್ಲೇ ಹೆಬ್ಬೆರಳಿನಿಂದ ಅದನ್ನು ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. ನರ್ಸಮ್ಮ ಕೇಳಿದರೆ, "ಬೆರಳು ಪಳಗಿಸ್ತಾ ಇದೀನಿ ಕಣವ್ವ, ಇನ್ನೊಂದ್ಸಲ ಮೋಸ ಮಾಡಬಾರ್ದಲ್ಲ" ಎನ್ನುತ್ತಿದ್ದಳು.

ಹಗಲು ಅಕ್ಕನ ಜೊತೆಗೆ ಪಕ್ಕದ ತೋಟದ ಹೆಂಗಸು ಬಂದು ಕೂತ ದಿನಗಳಲ್ಲಿ ನಾನು, ನೋಡಿ ತರುತ್ತೇನೆಂದು ಗುಂಡಿಯನ್ನು ಅಕ್ಕನಿಂದ ಇಸಿದುಕೊಂಡು, ತೋಟದ ಮನೆಗೆ ಹೋಗುತ್ತಿದ್ದೆ; ಸಂಜೆ ಬ್ಯಾಟರಿ ತೆಗೆದು ವಾಪಸು ಕೊಡುತ್ತಿದ್ದೆ. ಕೋಳಿಗಳಿಗೆ ಕಾಳು ಹಾಕಿ, ಬಾಗಿಲು ತೆಗೆದು, ಕೆಲಸಕ್ಕೆ ಕೂರುತ್ತಿದ್ದೆ. ಏಣಿ ಬಿದ್ದಲ್ಲೇ ಇತ್ತು. ಅದರ ಪಕ್ಕ ನೆಲದ ಮೇಲೆ, ಅಕ್ಕ ಕೈಯಿಂದ ಎಳೆದುಕೊಂಡು ಬಾಗಿಲ ಕಡೆಗೆ ಸರಿಯಲು ನೋಡಿದ ಗುರುತು ಧೂಳಿನಲ್ಲಿ ಹಾಗೇ ಇತ್ತು. ಒಂದು ಮಾರು ದೂರವೂ ಸರಿಯಲು ಆಗಿರಲಿಲ್ಲ. ಅದನ್ನು ಗುಡಿಸಲು ಮನಸ್ಸು ಬರಲಿಲ್ಲ. ದಾಟಿಕೊಂಡು ಓಡಾಡಿದೆ.

ಮೊದಲು ಗುಂಡಿಗೆ ಹೊಸ ಬ್ಯಾಟರಿ ಹಾಕಿ ಅಕ್ಕ ಬಿದ್ದಿದ್ದ ಜಾಗದಿಂದ ಒತ್ತಿದೆ. ಸೈರನ್ ಇಲ್ಲ. ಬಾಗಿಲಿನಿಂದ ಒತ್ತಿದೆ, ಇಲ್ಲ. ಮೂರು ಪಾಯಿಂಟ್ ಮೂರರ ಸರಿಯಾದ ರೆಸಿಸ್ಟರ್ ತಂದು ಹಾಕಿದೆ. ಹತ್ತು ಸಲದಲ್ಲಿ ಒಂದು ಸಲ ಕೂಗಿತು. ಗುಂಡಿಯ ಒಳಗೆ ಹದಿನೇಳು ಸೆಂಟಿಮೀಟರಿನ ತಂತಿ ಸುತ್ತಿ ಆಂಟೆನಾ ಉದ್ದ ಮಾಡಿದೆ. ಎರಡು ಸಲ ಕೂಗಿತು. ಬಾಗಿಲಿನ ಹೊಸ ಸೆನ್ಸರುಗಳು ಮಾತ್ರ ಅದೇ ಪೆಟ್ಟಿಗೆಗೆ ಪ್ರತಿ ಸಲವೂ ಸರಿಯಾಗಿ ಕೇಳಿಸುತ್ತಿದ್ದವು. ನನಗೆ ಇದೇ ಅರ್ಥವಾಗಲಿಲ್ಲ. ತಿಂಗಳ ಹಿಂದೆ ಬಾಗಿಲಿನಿಂದ ಕೇಳಿಸಿದ್ದು ಈಗ ಯಾಕೆ ಕೇಳಿಸುತ್ತಿಲ್ಲ?

ಕೂಗಿದಾಗಲೆಲ್ಲ ನನ್ನ ಜೇಬಿನ ಫೋನ್ ಬಡಿದುಕೊಳ್ಳುತ್ತಿತ್ತು. ಎತ್ತಿದರೆ ನನ್ನದೇ ದನಿ. "ಅಕ್ಕನಿಗೆ ಏನೋ ಆಗಿದೆ. ಬೇಗ ಬಾ." ಖಾಲಿ ಮನೆಯಲ್ಲಿ ನಿಂತು ನನ್ನನ್ನು ನಾನೇ ಕರೆಯುವುದನ್ನು ಕೇಳುತ್ತಿದ್ದೆ. ಮೂರನೇ ಸಲದ ಹೊತ್ತಿಗೆ ಫೋನನ್ನು ಮೊಪೆಡ್ಡಿನ ಡಬ್ಬಿಯಲ್ಲಿಟ್ಟು ಬಂದೆ. ಪಕ್ಕದ ತೋಟದ ಯಜಮಾನ ಬೇಲಿಯ ಹತ್ತಿರ ಬಂದು ಕೂಗಿದ. "ಇವತ್ತೂ ಟೆಸ್ಟೇನಪ್ಪೋ? ನಾಳೆ ನಿಜವಾಗ್ಲೂ ಕಳ್ಳ ಬಂದ್ರೂ ನಾವು ಟೆಸ್ಟು ಅಂತ ಮಲಿಕ್ಕಂಬುಡ್ತೀವಿ ನೋಡು!"

ಬೇರೆ ದಾರಿ ಕಾಣದೆ ನನಗೆ ಕೆಲಸ ಕಲಿಸಿದ ಭಾಯಿಯ ಹತ್ತಿರ ಹೋದೆ. ತಿಪಟೂರಿನಲ್ಲಿ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಈಗ ಕಣ್ಣು ಮಂಜು, ಮಗನ ಟೈಲರ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಗುಂಡಿಯನ್ನು ಕೈಗೆ ಕೊಟ್ಟೆ. ಬೆರಳಿನಿಂದ ತಡವಿ ನನ್ನ ಬೆಸುಗೆಗಳನ್ನು ಲೆಕ್ಕ ಹಾಕಿದರು.

"ಏನು ಬೇಟಾ ಇದು, ಹಳೇದನ್ನ ಹೊಸದರ ವೇಷ ಹಾಕಿಸಿ ನಿಲ್ಸಿದೀಯ. ಎಷ್ಟಕ್ಕೆ ಎಷ್ಟು ಹೊಡೀತಿತ್ತು, ಮೊದಲು?"

"ಹತ್ತಕ್ಕೆ ಎಂಟು."

"ಎರಡು ಸಲ ಬಿಟ್ಟಿದ್ದು ಗೊತ್ತಿದ್ದೂ ಕೊಟ್ಯಾ?"

"ಅಕ್ಕನ ಹೆಬ್ಬೆರಳು ಸರಿಯಿಲ್ಲ ಭಾಯ್, ಒತ್ತಿದ್ದು ಸಾಲದೇ..."

"ಒತ್ತಿದ್ರೆ ದೀಪ ಹತ್ತುತ್ತಾ?"

"ಹತ್ತುತ್ತೆ."

"ಹಂಗಾದ್ರೆ ಬೆರಳಿನ ಮಾತು ಯಾಕೆ ಎತ್ತೀಯ?"

ಅವರು ಗುಂಡಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮುಚ್ಚಿದರು. "ಹೋಗು. ಗುಂಡಿಗೂ ಪೆಟ್ಟಿಗೆಗೂ ನಡುವೆ ಏನೈತೆ ನೋಡು. ಅವತ್ತು ಇಲ್ಲದ್ದು ಇವತ್ತು ಏನು ಬಂದೈತೆ, ಅದನ್ನ ಹುಡುಕು."

ನಡುವೆ ಇದ್ದದ್ದು ಕಾಯಿ ಮಾತ್ರ. ಆದರೆ ಕಾಯಿಯ ಹಿಂದೆ ಪೆಟ್ಟಿಗೆ ಇಟ್ಟೇ ನಾನು ಒತ್ತಿ ನೋಡಿದ್ದೆನಲ್ಲ. ಕಾಯಿ ಅಡ್ಡ ಬರುವುದಿಲ್ಲ ಎಂದು ಕಣ್ಣಾರೆ ಕಂಡವನು ನಾನು. ನನ್ನ ಯೋಚನೆ ಅಲ್ಲಿಗೇ ನಿಂತಿತು.

ಒಂದು ವಾರದ ಮೇಲೆ ಅಕ್ಕನನ್ನು ಆಟೋದಲ್ಲಿ ಮನೆಗೆ ಕರೆತಂದೆ. ನಾಲ್ಕು ಕಾಲಿನ ಅಲ್ಯೂಮಿನಿಯಂ ವಾಕರ್ ಹಿಡಿದು ಒಳಗೆ ಬಂದವಳು ಮೊದಲು ನೋಡಿದ್ದು ಅಟ್ಟವನ್ನು. ಕುರ್ಚಿಯಲ್ಲಿ ಕೂರಿಸಿದೆ. ಅವತ್ತು ಅವಳ ಜೊತೆ ಅಟ್ಟದಿಂದ ಬಿದ್ದಿದ್ದ, ಬಿರಿಯದ ಇನ್ನೊಂದು ಕಾಯಿ ಗೋಡೆಯ ಬುಡಕ್ಕೆ ಉರುಳಿಕೊಂಡಿತ್ತು. ಅದನ್ನು ಕೊಡು ಎಂದು ಕೈ ಚಾಚಿದಳು. ನಮ್ಮ ಕಡೆ ಹೆಂಗಸರು ಮಾಡುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ತುಂಬ್ಕಂಡೈತೆ. ಅಲ್ಲಾಡೋಕೂ ಜಾಗ ಇಲ್ಲ. ಇನ್ನೂ ಹತ್ತು ತಿಂಗ್ಳು ಬೇಕು ಇದು ಒಣಗೋಕೆ."

"ಏನು ತುಂಬ್ಕಂಡೈತೆ?"

"ಏನು ಅಂದ್ರೆ? ನೀರು ಕಣ್ಲಾ. ತಿಪಟೂರಲ್ಲಿ ಹುಟ್ಟಿ ಕಾಯಿಯೊಳಗೆ ಏನಿರುತ್ತೆ ಅಂತ ಕೇಳ್ತೀಯಲ್ಲ!" ಎಂದು ಅಷ್ಟು ನೋವಿನಲ್ಲೂ ನಕ್ಕಳು.

ನಾನು ಎದ್ದು ಅಟ್ಟ ಹತ್ತಿದೆ. ಪೆಟ್ಟಿಗೆಯನ್ನು ಬಿಚ್ಚಿ ಕೆಳಗೆ ತಂದೆ. ಒಳಗೆ ಬ್ಯಾಟರಿ ಇದ್ದದ್ದರಿಂದ ಕರೆಂಟಿಲ್ಲದೆಯೂ ನಡೆಯುತ್ತಿತ್ತು. ಸೈರನ್ ಬಿಚ್ಚಿಟ್ಟು, ಪೆಟ್ಟಿಗೆಯಿಂದ ಉದ್ದ ತಂತಿಯಲ್ಲಿ ಒಂದು ದೀಪ ಹೊರಕ್ಕೆಳೆದು ಅದನ್ನು ಮಾತ್ರ ನೋಡುವ ಹಾಗೆ ಮಾಡಿದೆ. ಮನೆಬಳಕೆಯ ಒಣಕಾಯಿಯನ್ನು ನಾಲ್ಕು ಚೀಲಕ್ಕೆ ತುಂಬಿ ಪೆಟ್ಟಿಗೆಯ ಸುತ್ತ ಇಟ್ಟು, ಮೇಲೂ ಒಂದಿಷ್ಟು ಹರಡಿ, ಬಾಗಿಲಿಗೆ ಹೋಗಿ ಒತ್ತಿದೆ. ದೀಪ ಹತ್ತಿತು. ಅದೇ ಚೀಲಗಳನ್ನು ಖಾಲಿ ಮಾಡಿ ಹೊಸ ಕಾಯಿ ತುಂಬಿ ಇಟ್ಟು ಒತ್ತಿದೆ. ಹತ್ತಲಿಲ್ಲ. ಹತ್ತಿರ ಬಂದು ಒತ್ತಿದೆ. ಹತ್ತಲಿಲ್ಲ. ಒಣಕಾಯಿಯೊಳಗೆ ಒಣ ಉಂಡೆ, ಅದರ ಸುತ್ತ ಗಾಳಿ. ಹೊಸ ಕಾಯಿಯೊಳಗೆ ನೀರು. ನೀರು ಅಲೆಯನ್ನು ಕುಡಿದುಬಿಡುತ್ತದೆ. ಹೊಸ ಸೆನ್ಸರಿಗೆ ಗಟ್ಟಿ ದನಿ, ಸರಿಯಾದ ವೇಗ, ಅದು ಹೇಗೋ ತೂರಿ ಬರುತ್ತಿತ್ತು. ನಾನು ವೇಷ ಹಾಕಿಸಿದ ಹಳೆಯ ಗುಂಡಿಗೆ ಆ ಬಲವಿರಲಿಲ್ಲ. ಅಟ್ಟದ ತುಂಬ ಕಾಯಿನೀರಿನ ಕೆರೆ ಕಟ್ಟಿ, ಅದರ ತಳದಲ್ಲಿ ಪೆಟ್ಟಿಗೆ ಮುಳುಗಿಸಿ, ನಾನು ತಿಪಟೂರಿಗೆ ಹೋಗಿಬಿಟ್ಟಿದ್ದೆ.

'ತುಂಬಿದ್ರೆ ಮುಚ್ಚೋಗಲ್ವಾ' ಎಂದು ಅಕ್ಕ ಕೇಳಿದ್ದಳು. ತುಂಬಿದ ಮೇಲೆ ಬಂದು ನೋಡು ಎಂದಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಅವಳಿಗೆ ಅನುಮಾನ ಬಂದಿತ್ತು.

"ಏನ್ಲಾ ಅದು, ಚೀಲದ ಆಟ?" ಎಂದಳು ಕುರ್ಚಿಯಿಂದ.

"ಸುಮ್ನೆ ನೋಡ್ತಾ ಇದೀನಿ" ಎಂದೆ. ಅವತ್ತೂ ಹೇಳಲಿಲ್ಲ.

ಆ ಸಂಜೆ ಅಂಗಡಿಯಿಂದ ಸಾಮಾನು ತಂದು ಅಕ್ಕನ ನಡುಮನೆಯಲ್ಲೇ ಹರಡಿಕೊಂಡೆ. ಹಳೆಯದನ್ನು ಹೊಸದಕ್ಕೆ ಒಗ್ಗಿಸುವುದನ್ನು ಬಿಡಬೇಕೆಂದು ತೀರ್ಮಾನ ಮಾಡಿದೆ. ಅಷ್ಟು ದಿನ ಅದನ್ನು ಬಿಡಲು ಆಗದಿದ್ದದ್ದು ಅಕ್ಕನ ಬೆರಳಿಗಾಗಿ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದು ನನ್ನ ಕೈಚಳಕದ ಜಂಬಕ್ಕಾಗಿ. ತುಮಕೂರಿನವನು ತಿಪ್ಪೆಗೆ ಹಾಕು ಎಂದದ್ದನ್ನು ನಡೆಸಿ ತೋರಿಸಬೇಕಿತ್ತು. ಹಳೆಯ ಗುಂಡಿಯನ್ನು ಬಿಚ್ಚಿ, ಒಳಗಿನ ಸರ್ಕ್ಯೂಟ್ ಹಲಗೆಯನ್ನು, ನನ್ನ ಬೆಸುಗೆ ರೆಸಿಸ್ಟರುಗಳ ಸಮೇತ, ಕಿತ್ತು ಪಕ್ಕಕ್ಕಿಟ್ಟೆ. ಹೊಸ ರಿಮೋಟನ್ನು ಒಡೆದು ಅದರ ಹಲಗೆ ತೆಗೆದೆ. ಬೆರಳುಗುರಿನಷ್ಟು ಸಣ್ಣದು. ಅದರ ಅಪಾಯದ ಗುಂಡಿಯ ಎರಡು ಬೆಸುಗೆ ಚುಕ್ಕೆಗೆ ಎರಡು ಕೂದಲೆಳೆಯ ತಂತಿ ಬೆಸೆದು, ಹಳೆಯ ದೊಡ್ಡ ಸ್ವಿಚ್ಚಿಗೆ ಕೊಟ್ಟೆ. ಮೊದಲ ಬೆಸುಗೆ ಬಿಸಿ ಹೆಚ್ಚಾಗಿ ಚುಕ್ಕೆಯೇ ಎದ್ದುಬಂತು. ಆ ಹಲಗೆ ಹೋಯಿತು. ಸೆಟ್ಟಿನಲ್ಲಿ ಬಂದ ಎರಡನೆಯ ರಿಮೋಟನ್ನು ಒಡೆದೆ. ಇದು ಹೋದರೆ ಇನ್ನೊಂದಿಲ್ಲ. ಬೆಸುಗೆ ಕಡ್ಡಿಯ ಕಾದ ತುದಿಯನ್ನು ಮುಟ್ಟಿಸಿ ತಕ್ಷಣ ತೆಗೆದೆ. ಹಿಡಿಯಿತು. ಹಳೆಯ ಡಬ್ಬಿ, ಹಳೆಯ ಮಾತ್ರೆ ಮುಚ್ಚಳ, ಹಳೆಯ ಕಪ್ಪು ದಾರ. ಒಳಗಿನದು ಮಾತ್ರ ಪೂರ್ತಿ ಹೊಸದು.

ಪೆಟ್ಟಿಗೆಯನ್ನು ಮರುದಿನ ಮತ್ತೆ ಅಟ್ಟಕ್ಕೆ ಏರಿಸದೆ ನಡುಮನೆಯ ಗೋಡೆಯ ಗೂಡಿನೊಳಗೆ ಕೂರಿಸಿ, ಮುಂದೆ ಮರದ ಬಾಗಿಲು ಹಾಕಿದೆ. ತಗಡು ಹಾಕಿದರೆ ಅದೂ ಅಲೆಯನ್ನು ತಡೆಯುತ್ತದೆ. ಸಿಡಿಲಿಗೆಂದು ಹಿತ್ತಲಲ್ಲಿ ಕುಳಿ ತೋಡಿ ಅರ್ಥಿಂಗ್ ಮಾಡಿಸಿದೆ. ಆಮೇಲೆ ಸೀಮೆಸುಣ್ಣ ತಗೊಂಡು ಅಕ್ಕ ಓಡಾಡುವ ಕಡೆಯಲ್ಲೆಲ್ಲ ಹೋಗಿ ಹತ್ತು ಹತ್ತು ಸಲ ಒತ್ತಿದೆ. ಒಲೆಯ ಮುಂದೆ ಹತ್ತಕ್ಕೆ ಹತ್ತು. ಬಚ್ಚಲು, ಹಿತ್ತಲ ಬಾವಿಕಟ್ಟೆ, ಕೋಳಿಗೂಡು, ಕಾಯಿ ಸುಲಿಯುವ ಜಾಗ, ಎಲ್ಲ ಕಡೆ ಹತ್ತಕ್ಕೆ ಹತ್ತು. ತುಂಬಿದ ಅಟ್ಟದ ಮೇಲೆ, ಕಾಯಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಒತ್ತಿದೆ. ಅಲ್ಲಿಯೂ ಹತ್ತು. ಪ್ರತಿ ಜಾಗದಲ್ಲೂ ಗೋಡೆಗೆ ಒಂದು ಗೀಟು ಎಳೆದೆ. ಉಳಿದದ್ದು ಏಣಿಯ ಬುಡ ಒಂದೇ.

ಅಲ್ಲಿ ತಾನೇ ಒತ್ತುತ್ತೇನೆ ಎಂದಳು ಅಕ್ಕ.

"ನಿಂತ್ಕಂಡು ಒತ್ತಕ್ಕ, ಸಾಕು."

"ಅವತ್ತೇನು ನಿಂತಿದ್ನಾ?"

ವಾಕರ್ ಹಿಡಿದು ಬಂದು, ನನ್ನ ಹೆಗಲಿಗೆ ಭಾರ ಹಾಕಿ, ಪ್ಲೇಟ್ ಹಾಕಿದ ಕಾಲನ್ನು ಮುಂದಕ್ಕೆ ಚಾಚಿ ಮೆಲ್ಲಗೆ ನೆಲಕ್ಕೆ ಕೂತಳು. ಆಮೇಲೆ ಮಲಗಿದಳು. ನಾನು ಗುಡಿಸದೆ ಬಿಟ್ಟಿದ್ದ ಧೂಳಿನ ಗುರುತಿನ ಮೇಲೇ ಮಲಗಿದಳು. ತಲೆಯ ಮೇಲೆ ದಬ್ಬೆಗಳ ಸಂದಿಯಲ್ಲಿ ಕಾಯಿಗಳು ಕಾಣುತ್ತಿದ್ದವು. ಅವಳು ಅವನ್ನೇ ನೋಡುತ್ತ ಗುಂಡಿಯನ್ನು ಹಿಡಿದಳು. ಅಂಗೈಯಿಂದ ಒತ್ತು ಎಂದೆ. ಕೇಳಲಿಲ್ಲ. ಆಸ್ಪತ್ರೆಯಲ್ಲಿ ಪಳಗಿಸಿದ ಆ ಮಡಚದ ಹೆಬ್ಬೆರಳನ್ನೇ ಮುಚ್ಚಳದ ಮೇಲಿಟ್ಟು, ಹಲ್ಲು ಕಚ್ಚಿ, ಒತ್ತಿದಳು.

ಸೈರನ್ ಕೂಗಿತು. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅಕ್ಕ ಮಲಗಿದ್ದಲ್ಲೇ ಹೆಬ್ಬೆರಳನ್ನು ನನ್ನ ಮುಖದ ಮುಂದೆ ಎತ್ತಿ ಹಿಡಿದು ಏನೋ ಕೂಗಿ ಹೇಳಿದಳು. ತುಟಿ ನೋಡಿ ಗೊತ್ತಾಯಿತು. ಈಗ ಸರಿಯಾಗಿ ಒತ್ತಿದೆ ನೋಡು, ಎನ್ನುತ್ತಿದ್ದಳು. ಅವಳ ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ. ಆದರೆ ಸೈರನ್ ಕೂಗುತ್ತಿರುವಾಗ ಹೇಳಿದೆ. ಅವಳಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಆ ಹೊತ್ತನ್ನು ಆರಿಸಿಕೊಂಡೆನೋ ಏನೋ.

ಅವಳು ಕೈಯನ್ನು ಕಿವಿಗೆ ಇಟ್ಟುಕೊಂಡಳು. "ಏನಂದೆ? ಕೇಳಿಸ್ಲಿಲ್ಲ!"

ಏನಿಲ್ಲ ಬುಡಕ್ಕ ಎಂದು ಕೈಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಎದ್ದು ಹೋಗಿ ಗೋಡೆಯ ಗೂಡಿನ ಬಾಗಿಲು ತೆಗೆದು ಸೈರನ್ ಆರಿಸಿದೆ. ಫೋನನ್ನೂ ಆರಿಸಿದೆ. ಕೋಳಿಗಳು ಸುಮ್ಮನಾಗುವವರೆಗೆ ನಿಂತೆ. ವಾಪಸು ಬಂದು ಅವಳ ಪಕ್ಕದಲ್ಲಿ ನೆಲಕ್ಕೆ ಕೂತು, ಆ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅಕ್ಕ, ಅವತ್ತೂ ನೀನು ಸರಿಯಾಗೇ ಒತ್ತಿದ್ದೆ. ಒತ್ತಿದ ಒಂದೊಂದ್ಸಲವೂ ಸರಿಯಾಗೇ ಒತ್ತಿದ್ದೆ. ನಿನ್ನ ಬೆರಳು ಮೋಸ ಮಾಡ್ಲಿಲ್ಲ, ನಾನು ಮಾಡ್ದೆ. ನೀನು ಮೂರು ಸಲ ಕರೆದ್ರೂ ನಾನು ಬರ್ಲಿಲ್ಲ. ಆಸ್ಪತ್ರೇಲಿ ಗೊತ್ತಿದ್ದೂ ತಪ್ಪನ್ನ ನಿನ್ನ ಬೆರಳಿನ ಮೇಲೆ ಹಾಕ್ದೆ. ತಪ್ಪಾಯ್ತು ಕಣಕ್ಕ. ನಂದೇ ತಪ್ಪು."